ರಸ್ತೆಗೆ ಮುಖ ಮಾಡಿದ ಚಪ್ಪಲಿಗಳು

ಪರರ ಮನೆಗೆ ಹೋದಾಗ ಡೆನಿಸ್ ಬಾಬ್ ಚಪ್ಪಲಿಗಳನ್ನು ಹೇಗೆ ಬಂತೋ ಹಾಗೆ ಕಳಚಿ ಒಳಗೆ ನಡೆದುಬಿಡುತ್ತಾರೆ. ಒಂದು ಪೂರ್ವಕ್ಕೆ ಮುಖ ಮಾಡಿದರೆ ಇನ್ನೊಂದು ಮಗುಚಿ ಬಿದ್ದು ಆಕಾಶವನ್ನು ನೋಡುತ್ತಿರುತ್ತದೆ. ಆದರೆ ಸ್ವಂತ ಮನೆಯ ಮೆಟ್ಟಿಲಿನಲ್ಲಿ ಮಾತ್ರ ಅವರು ಬಾಗಿಲಿಗೆ ಬೆನ್ನು ಹಾಕಿ ನಿಂತು, ರಿವರ್ಸ್ ತೆಗೆದು ಟೆಂಪೋ ನಿಲ್ಲಿಸುವ ಡ್ರೈವರನ ತಾಳ್ಮೆಯಿಂದ, ಎರಡೂ ಚಪ್ಪಲಿಗಳ ಮೂತಿ ರಸ್ತೆಗೆ ಇರುವಂತೆ ಜೋಡಿಸಿ ಬಿಡುತ್ತಾರೆ. ನಾನು ಓದಿದ ಕಾನ್ವೆಂಟಿನಲ್ಲಿ ನಮ್ಮ ಶೂಗಳ ಮೂತಿ ಗೋಡೆಗೆ ಇರದಿದ್ದರೆ ಸಿಸ್ಟರ್ ನಮ್ಮ ಮೂತಿಯನ್ನೇ ಗೋಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದರು; ಹಾಗಾಗಿ ಪಾದರಕ್ಷೆಗಳ ದಿಕ್ಕನ್ನು ಗಮನಿಸುವುದು ನನ್ನ ಮಟ್ಟಿಗೆ ವಿದ್ಯಾಭ್ಯಾಸದ ಏಕೈಕ ಶಾಶ್ವತ ಫಲ. ಪಕ್ಕದ ಮನೆಯವಳಾದ್ದರಿಂದ ಇನ್ನೊಂದನ್ನೂ ಗಮನಿಸಿದ್ದೆ. ಡೆನಿಸ್ ಬಾಬ್ ಒಳಗೆ ಹೋದ ಐದು ನಿಮಿಷಕ್ಕೆ ಅವರ ಹೆಂಡತಿ ಝೀಟಾ ಹೊರಗೆ ಬಂದು, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಕಾಲಿನ ಹೆಬ್ಬೆರಳಿನಿಂದ ಆ ಚಪ್ಪಲಿಗಳನ್ನು ಮನೆಯ ಕಡೆಗೆ ತಿರುಗಿಸಿ ಇಡುತ್ತಿದ್ದರು. ಹದಿನಾಲ್ಕು ವರ್ಷ ಈ ಮೂಕ ಸಂವಾದ ನಡೆಯಿತು. ಅವರು ಇದರ ಬಗ್ಗೆ ಕೇಳಲಿಲ್ಲ, ಇವರು ಹೇಳಲಿಲ್ಲ.

ಡೆನಿಸ್ ಬಾಬ್‌ಗೆ ಈಗ ಅರುವತ್ತಮೂರು; ಬಾಬ್ ಎಂಬುದು ಹೆಸರಲ್ಲ, ಕೊಂಕಣಿಯಲ್ಲಿ ಹಿರಿಯರಿಗೆ ಸಲ್ಲುವ ಗೌರವ. ಎದುರುಗಾಳಿಗೆ ಸೈಕಲ್ ತುಳಿಯುವವರ ಹಾಗೆ ಸ್ವಲ್ಪ ಮುಂದಕ್ಕೆ ಬಾಗಿ ನಡೆಯುತ್ತಾರೆ; ಗಾಳಿ ಇರಬೇಕೆಂದೇನೂ ಇಲ್ಲ. ಶರ್ಟಿನ ಜೇಬಿನಲ್ಲಿ ಬೇರೆಯವರು ಪೆನ್ನು ಸಿಕ್ಕಿಸುವಲ್ಲಿ ಅವರು ಕರೆಂಟಿನ ಟೆಸ್ಟರ್ ಸಿಕ್ಕಿಸುತ್ತಾರೆ, ಭಾನುವಾರದ ಪೂಜೆಗೂ. ಬಹರೈನಿನಲ್ಲಿ ಇಪ್ಪತ್ತು ವರ್ಷ ಎ.ಸಿ. ಮೆಕ್ಯಾನಿಕ್ ಆಗಿದ್ದು ಬಂದವರು. ಮರುಭೂಮಿಯ ಶೇಖರನ್ನು ತಂಪಾಗಿಟ್ಟು ಕೊನೆಗೆ ಉದ್ಯಾವರದ ನಮ್ಮ ಟೆಂಪೋ ಡ್ರೈವರ್ ಶೇಖರನ ಗೆಳೆತನಕ್ಕೆ ಬಂದು ಮುಟ್ಟಿದವರು. ಯಾವ ಕೆಲಸವನ್ನು ಹೇಳಿದರೂ ‘ಒಂದು ನಿಮಿಷದ ಕೆಲಸ ಅಲ್ವಾ’ ಎನ್ನುವುದು ಅವರ ಪಲ್ಲವಿ. ‘ಇವರ ಒಂದು ನಿಮಿಷದಲ್ಲಿ ಅರುವತ್ತು ಸೆಕೆಂಡಲ್ಲ ರೀನಾ, ಅರುವತ್ತು ಮನೆ ಉಂಟು’ ಎಂದು ಝೀಟಾ ನನ್ನೊಡನೆ ಹೇಳುತ್ತಿದ್ದರು.

ಅವರ ನಿಮಿಷಗಳನ್ನೆಲ್ಲ ನುಂಗುತ್ತಿದ್ದುದು ಒಂದು ಪೆಟ್ಟಿಗೆ. ಮೃತದೇಹವನ್ನು ಒಂದೆರಡು ದಿನ ಮನೆಯಲ್ಲೇ ಕೆಡದಂತೆ ಇಡುವ, ಗಾಜಿನ ಮುಚ್ಚಳದ, ಉದ್ದನೆಯ ಫ್ರೀಜರ್ ಪೆಟ್ಟಿಗೆ. ಹದಿನಾಲ್ಕು ವರ್ಷದ ಹಿಂದೆ ಊರಿನ ಸಂಘದವರು ಎಲ್ಲ ಜಾತಿಯವರಿಗೂ ಉಚಿತವಾಗಿ ಸಿಗಲೆಂದು ಅದನ್ನು ತರಿಸಿ, ಹಾರ ಹಾಕಿ, ಭಾಷಣ ಮಾಡಿ, ಚಹಾ ಕುಡಿದ ಮೇಲೆ, ಅದನ್ನು ಇಡುವುದೆಲ್ಲಿ ಎಂಬ ಪ್ರಶ್ನೆ ಎದ್ದಿತು. ಮರಣ ಎಲ್ಲರ ಮನೆಗೂ ಬರುವ ಅತಿಥಿಯೇ. ಆದರೆ ಅದಕ್ಕೊಂದು ಪರ್ಮನೆಂಟ್ ರೂಮು ಕೊಡಲು ಯಾರೂ ಸಿದ್ಧರಿರಲಿಲ್ಲ. ಒಬ್ಬರಿಗೆ ವಾಸ್ತು, ಒಬ್ಬರಿಗೆ ಸೊಸೆ ಬಸುರಿ, ಒಬ್ಬರಿಗೆ ನಾಯಿ ಬೊಗಳುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಡೆನಿಸ್ ಬಾಬ್ ಎದ್ದು, ‘ನಮ್ಮ ಕಾರ್ ಪೋರ್ಚಿನಲ್ಲಿ ಇಡುವ, ಒಂದು ನಿಮಿಷದ ಕೆಲಸ’ ಎಂದರು. ಪೆಟ್ಟಿಗೆ ಪೋರ್ಚಿಗೆ ಬಂತು, ಕಾರು ಬಿಸಿಲಿಗೆ ಹೋಯಿತು. ಎರಡು ಬೇಸಿಗೆ ಕಳೆದ ಮೇಲೆ ಕಾರನ್ನು ಮಾರಿದರು. ಅಂದಿನಿಂದ ಊರಲ್ಲಿ ಉಪಕಾರ ಅವರದು, ಕಾರು ನನ್ನದು.

ಪೆಟ್ಟಿಗೆಯನ್ನು ಟೆಂಪೋದಲ್ಲಿ ಕಳಿಸಿ ಕೈತೊಳೆದುಕೊಳ್ಳುವ ಜಾತಿ ಅವರದಲ್ಲ. ಜೊತೆಗೇ ಹೋಗುತ್ತಾರೆ. ವಯಸ್ಸಾದಂತೆ ಆ ಪೆಟ್ಟಿಗೆಗೂ ಮುದುಕರ ಹಠಗಳು ಬಂದಿದ್ದವು. ಸ್ಟೆಬಿಲೈಸರಿನ ವಯರೊಂದನ್ನು ಒಂದು ನಿರ್ದಿಷ್ಟ ಕೋನಕ್ಕೆ ಬಾಗಿಸಿ, ಮಗುವಿನ ಕಿವಿ ಹಿಂಡುವಷ್ಟೇ ಮೆತ್ತಗೆ ಒತ್ತಿದರೆ ಮಾತ್ರ ಕಂಪ್ರೆಸರ್ ಎಚ್ಚರಗೊಳ್ಳುತ್ತಿತ್ತು, ಮತ್ತು ಆ ಕೋನ ಭೂಲೋಕದಲ್ಲಿ ಡೆನಿಸ್ ಬಾಬ್ ಒಬ್ಬರಿಗೇ ಗೊತ್ತಿತ್ತು. ಆಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತಂಪಿನ ಅಂಕೆ ಇಳಿಯುವ ತನಕ, ಅಳುವವರ ನಡುವೆ ಅಳದೆ ಕುಳಿತಿರುತ್ತಾರೆ. ಮುಚ್ಚಳ ಹಾಕುವ ಮುನ್ನ ಇನ್ನೊಂದು ಅಭ್ಯಾಸವಿತ್ತು, ಅದನ್ನು ನಾನು ವರ್ಷಗಟ್ಟಲೆ ನೋಡಿದ್ದೆ, ಅರ್ಥ ಮಾತ್ರ ಆಗಿರಲಿಲ್ಲ: ಗಂಡಸಾದರೆ ಶರ್ಟಿನ ಕಾಲರನ್ನು, ಹೆಂಗಸಾದರೆ ಸೆರಗಿನ ಮಡಿಕೆಯನ್ನು ಬೆರಳಿನಿಂದ ತಿದ್ದಿ ನೇರ ಮಾಡುತ್ತಿದ್ದರು. ಸ್ಟುಡಿಯೋದಲ್ಲಿ ಫೋಟೋ ತೆಗೆಯುವ ಮೊದಲು ತಿದ್ದುತ್ತಾರಲ್ಲ, ಹಾಗೆ.

ಇಂಥ ಮನೆಯ ಮಗಳಿಗೆ ಗಂಡು ನೋಡುವುದು ಹೇಗೆ? ಉದ್ಯಾವರದ ಹೆಸರಿನಲ್ಲೇ ವರ ಇದ್ದರೂ ಡೆನಿಸ್ ಬಾಬ್‌ರ ಒಬ್ಬಳೇ ಮಗಳು ಜೋಸ್ಲಿನ್‌ಗೆ ಅದು ಸುಲಭದಲ್ಲಿ ಕೂಡಿಬರಲಿಲ್ಲ. ಹುಡುಗಿ ಚಂದದವಳು, ಮಣಿಪಾಲದಲ್ಲಿ ಫಿಸಿಯೋಥೆರಪಿ ಓದಿ ಅಲ್ಲೇ ಕೆಲಸದಲ್ಲಿದ್ದವಳು. ಆದರೆ ನೋಡಲು ಬಂದವರು ಗೇಟು ದಾಟಿದ ಕೂಡಲೇ ಮೊದಲು ಕಾಣುವುದು ಪೆಟ್ಟಿಗೆ. ಕೊನೆಗೆ ಆಸ್ಟಿನ್ ಎಂಬ ಹುಡುಗನ ಮನೆಯವರು ಬರುವ ಶನಿವಾರ, ಝೀಟಾ ಪೆಟ್ಟಿಗೆಯ ಮೇಲೆ ತಮ್ಮ ಮದುವೆಯ ಕಸೂತಿಯ ಟೇಬಲ್ ಕ್ಲಾತ್ ಹೊದಿಸಿ, ಒಂದು ಹೂದಾನಿ, ಒಂದು ತಟ್ಟೆ ಕೇಕು ಇಟ್ಟು, ಮೃತ್ಯುವನ್ನು ಬಫೆಯಾಗಿ ಪರಿವರ್ತಿಸಿದರು. ಹುಡುಗನ ತಂದೆ ಚಹಾದ ಕಪ್ಪನ್ನು ಅದರ ಮೇಲೆಯೇ ಇಟ್ಟರು. ಮೆಷಿನಿನ ಆರೋಗ್ಯಕ್ಕೆಂದು ಡೆನಿಸ್ ಬಾಬ್ ಪ್ರತಿ ಶನಿವಾರ ಅರ್ಧ ಗಂಟೆ ಅದನ್ನು ಚಾಲೂ ಮಾಡುವುದು ಝೀಟಾರಿಗೆ ಆ ಗಡಿಬಿಡಿಯಲ್ಲಿ ಮರೆತುಹೋಗಿತ್ತು. ಬಫೆ ಗುಂಯ್ ಎಂದಿತು, ಕಪ್ಪು ನಡುಗಿತು.

‘ಓ, ಫ್ರಿಜ್ಜಾ? ಒಳಗೆ ಜ್ಯೂಸ್ ಉಂಟಾ?’ ಎಂದು ಹುಡುಗನ ತಂದೆ ಕೇಳಿದರು.

ಸುಳ್ಳು ಹೇಳಲು ಬಾರದ ಡೆನಿಸ್ ಬಾಬ್ ಅತ್ಯಂತ ವಿನಯದಿಂದ, ‘ಇಲ್ಲ, ಸದ್ಯಕ್ಕೆ ಯಾರೂ ಇಲ್ಲ’ ಎಂದರು.

ಮೊದಲು ನಕ್ಕವನು ಆಸ್ಟಿನ್. ಬಾಯಲ್ಲಿದ್ದ ಕೇಕು ಗಂಟಲಿಗೆ ಸಿಕ್ಕಿ, ಕಣ್ಣಲ್ಲಿ ನೀರು ಬಂದು, ಜೋಸ್ಲಿನ್ ಬೆನ್ನು ತಟ್ಟಬೇಕಾಗಿ ಬಂತು. ‘ಅವನು ಹಾಗೆ ನಕ್ಕದ್ದಕ್ಕೇ ನಾನು ಹೂಂ ಅಂದದ್ದು, ರೀನಾ ಆಂಟಿ’ ಎಂದು ಅವಳು ಆಮೇಲೆ ಹೇಳಿದಳು.

ಆದರೆ ಆ ನಗುವಿಗೆ ಒಲಿದ ಹುಡುಗಿಗೆ ಅಪ್ಪನ ಮೇಲೆ ಒಂದು ಹಳೆಯ ದೂರು ಇತ್ತು. ಅವಳ ಮೊದಲ ಪರಮಪ್ರಸಾದದ ದಿನ ಅಪ್ಪ ಬಹರೈನಿನಲ್ಲಿದ್ದರು. ಅದು ಹೊಟ್ಟೆಪಾಡು, ಕ್ಷಮಿಸಬಹುದು. ಊರಿಗೆ ಬಂದ ಮೇಲೆ ಅವಳ ಹತ್ತನೆಯ ತರಗತಿಯ ಬಹುಮಾನದ ದಿನ ಮಲ್ಪೆಯಲ್ಲಿ ಯಾರದೋ ಅಜ್ಜಿ ತೀರಿಕೊಂಡರು. ಮಣಿಪಾಲದ ಪದವಿ ಪ್ರದಾನಕ್ಕೆ ಬಂದರು ನಿಜ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು. ‘ಜೋಸ್ಲಿನ್’ ಎಂದು ಮೈಕಿನಲ್ಲಿ ಕರೆದಾಗ ಆ ಕುರ್ಚಿ ಖಾಲಿ. ಹೀಗಾಗಿ ಮದುವೆ ನಿಶ್ಚಯವಾದ ದಿನ ತಾಯಿ ಮಗಳು ಜಂಟಿಯಾಗಿ ಷರತ್ತು ಹಾಕಿದರು. ಎಂಟು ದಿನ ಪೆಟ್ಟಿಗೆ ಮನೆಯಲ್ಲಿರಕೂಡದು. ಎಂಟು ದಿನ ಫೋನು ಝೀಟಾರ ಕೈಯಲ್ಲಿ. ರೋಸ್ ದಿನ ಡೆನಿಸ್ ಬಾಬ್ ಗೇಟು ದಾಟುವಂತಿಲ್ಲ. ‘ಆ ಒಂದು ಸಂಜೆ ನೀವು ನನಗೆ ಪೂರ್ತಿ ಬೇಕು ಡ್ಯಾಡಿ’ ಎಂದು ಜೋಸ್ಲಿನ್ ಹೇಳಿದಾಗ ಡೆನಿಸ್ ಬಾಬ್ ಶಿಲುಬೆಯ ಗುರುತು ಮಾಡಿ ಮಾತು ಕೊಟ್ಟರು.

ರೋಸ್ ಎಂದರೆ ಗುಲಾಬಿಯಲ್ಲ. ಮದುವೆಯ ಮುನ್ನಾದಿನ ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ, ವೋವಿಯೊ ಎಂಬ ಸೋಬಾನೆ ಹಾಡುತ್ತ, ನೆಂಟರಿಷ್ಟರೆಲ್ಲ ತೆಂಗಿನ ಹಾಲು ಹಚ್ಚಿ ಮೀಯಿಸುವ ನಮ್ಮ ಕೊಂಕಣಿ ಕ್ರೈಸ್ತರ ಶಾಸ್ತ್ರ. ಡೆನಿಸ್ ಬಾಬ್‌ರ ಅಕ್ಕ ಸೆಲೀನ್ ಬಾಯ್ ಕಾರ್ಕಳದಿಂದ ನಾಲ್ಕು ದಿನ ಮೊದಲೇ ಬಂದಿಳಿದಿದ್ದರು. ಶಾಸ್ತ್ರದ ವಿಷಯದಲ್ಲಿ ಅವರು ಕಾರ್ಕಳದ ಬಂಡೆಯಷ್ಟೇ ಗಟ್ಟಿ. ‘ಮೊದಲ ರೋಸ್ ಅಪ್ಪ ಅಮ್ಮನದ್ದು, ಅದು ಚಪ್ಪರದಲ್ಲೇ ಆಗಬೇಕು. ಅಪ್ಪನ ಕೈ ತಾಗದೆ ಬೇರೆ ಯಾರೂ ಪಾತ್ರೆಗೆ ಕೈ ಹಾಕಬಾರದು’ ಎಂದು ಬಂದವರಿಗೆಲ್ಲ ಪಾಠ ಮಾಡುತ್ತಿದ್ದರು. ಪೆಟ್ಟಿಗೆಯನ್ನು ಬನ್ನಂಜೆಯಲ್ಲಿರುವ ಶೇಖರನ ಟೆಂಪೋ ಶೆಡ್ಡಿಗೆ ಸಾಗಿಸಲಾಯಿತು.

ಜನವರಿಯ ಆ ದಿನ ಮಧ್ಯಾಹ್ನ ಡೆನಿಸ್ ಬಾಬ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಟೆಸ್ಟರ್ ಇಲ್ಲದ ಜೇಬನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತ, ಅಡಿಗೆಮನೆಯ ಮೂಲೆಯ ಬೆಂಚಿನಲ್ಲಿ ಕುಳಿತು ಕಾಗದದ ನ್ಯಾಪ್ಕಿನ್‌ಗಳನ್ನು ಅತ್ಯಂತ ಕೆಟ್ಟದಾಗಿ ಮಡಚುತ್ತಿದ್ದರು. ಸೆಲೀನ್ ಬಾಯ್ ತೆಂಗಿನಕಾಯಿ ತುರಿಯುತ್ತಿದ್ದರು. ನಾನು ಅವರಿಂದ ಬೈಸಿಕೊಳ್ಳುತ್ತ ಹಾಲು ಹಿಂಡುತ್ತಿದ್ದೆ. ಆಗ ಜೋಸ್ಲಿನ್ ಬಂದಳು, ಕೈಯಲ್ಲಿ ಫೋನು, ಮುಖ ಬಿಳಿಚಿತ್ತು.

ಕಾಪುವಿನ ಸರಸಕ್ಕ ಬೆಳಿಗ್ಗೆಯಿಂದ ಬಂದಿರಲಿಲ್ಲ. ಮೂವತ್ತು ವರ್ಷದಿಂದ ನಮ್ಮ ಕೇರಿಗೆ ಬಸ್ಸಿನಲ್ಲಿ ಮೀನಿನ ಬುಟ್ಟಿ ತರುವ ಹೆಂಗಸು. ಮನೆಯಲ್ಲಿ ಗಂಡ ವಾಸಣ್ಣ, ಮಗಳು; ಮಗ ಯೋಗೀಶ ಕುವೈತಿನಲ್ಲಿ. ಜೋಸ್ಲಿನ್‌ಗೆ ಬಂಗುಡೆಯ ಮುಳ್ಳು ಬಿಡಿಸಿ ತಿನ್ನಲು ಕಲಿಸಿದವರೇ ಅವರು. ರೋಸಿಗೆ ಹೊಸ ಸೀರೆಯುಟ್ಟು ಹತ್ತು ಗಂಟೆಗೇ ಬರುತ್ತೇನೆಂದವರು ಒಂದು ಗಂಟೆಯಾದರೂ ಕಾಣದಾಗ, ಜೋಸ್ಲಿನ್ ಅವರ ಮಗಳು ಹರ್ಷಿಣಿಗೆ ಫೋನ್ ಮಾಡಿದ್ದಳು. ಹರ್ಷಿಣಿ ಮೊದಲು ‘ಅಮ್ಮನಿಗೆ ಸ್ವಲ್ಪ ಜ್ವರ’ ಎಂದಳಂತೆ. ಆಮೇಲೆ ಅತ್ತುಬಿಟ್ಟಳಂತೆ.

‘ಡ್ಯಾಡಿ, ವಾಸಣ್ಣ ತೀರಿಹೋದರು. ಬೆಳಿಗ್ಗೆ ಎದೆನೋವು ಬಂದು, ಆಸ್ಪತ್ರೆಗೆ ಮುಟ್ಟುವ ಮೊದಲೇ. ಸರಸಕ್ಕ ನಿಮಗೆ ಹೇಳಬಾರದು ಅಂತ ಎಲ್ಲರ ಹತ್ತಿರ ಆಣೆ ಹಾಕಿಸಿಕೊಂಡಿದ್ದಾರೆ, ಇವತ್ತು ನನ್ನ ರೋಸ್ ಅಂತ. ಯೋಗೀಶ ಕುವೈತಿನಿಂದ ಬರುವುದು ನಾಳೆ ಮಧ್ಯಾಹ್ನ. ಬೇರೆ ಎಲ್ಲಿಯೂ ಪೆಟ್ಟಿಗೆ ಖಾಲಿ ಇಲ್ಲವಂತೆ. ಮನೆಗೆ ತಂದವರನ್ನು ಪುನಃ ಆಸ್ಪತ್ರೆಗೆ ಕಳಿಸುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ. ಅವನಿಗೆ ಕಾಯದೆ ನಾಲ್ಕು ಗಂಟೆಗೆ ಮಸಣಕ್ಕೆ ತೆಗೆಯುತ್ತಾರಂತೆ.’

ತುರಿಮಣೆ ನಿಂತಿತು. ಅವಳು ಹೇಳದೆ ಇರಬಹುದಿತ್ತು ಎಂದು ನನಗೆ ಆ ಕ್ಷಣ ಹೊಳೆಯಿತು. ಜಗತ್ತಿನಲ್ಲಿ ಯಾರೂ ಅವಳನ್ನು ದೂರುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಕಾದ ಒಂದು ಸಂಜೆಯನ್ನು ಅವಳು ತಾನೇ ತಂದು ಅಪ್ಪನ ಮುಂದೆ ಇಟ್ಟಿದ್ದಳು.

ಡೆನಿಸ್ ಬಾಬ್ ನ್ಯಾಪ್ಕಿನ್ನನ್ನು ಇನ್ನೂ ಸಣ್ಣದಾಗಿ ಮಡಚಿದರು. ‘ಶೇಖರ ಪೆಟ್ಟಿಗೆ ತೆಗೆದುಕೊಂಡು ಹೋಗಲಿ. ವಯರಿನದ್ದು ನಾನು ಫೋನಿನಲ್ಲಿ ಹೇಳಿಕೊಡುತ್ತೇನೆ.’

‘ಅದು ಫೋನಿನಲ್ಲಿ ಆಗುವುದಿಲ್ಲ ಅಂತ ನಿಮಗೂ ಗೊತ್ತುಂಟು.’

‘ನಾನು ನಿನಗೆ ಮಾತು ಕೊಟ್ಟಿದ್ದೇನೆ ಬಾಯೆ’ ಎಂದರು ಡೆನಿಸ್ ಬಾಬ್. ಒಂದು ನಿಮಿಷದ ಕೆಲಸ ಎಂದು ಅವರು ಹೇಳದಿದ್ದುದನ್ನು ನಾನು ಕೇಳಿದ್ದು ಅದೇ ಮೊದಲು.

ಆಗ ಸೆಲೀನ್ ಬಾಯ್ ಮಾತಾಡಿದರು, ಯಾರ ಮುಖವನ್ನೂ ನೋಡದೆ, ತೆಂಗಿನ ಗೆರಟೆಯೊಡನೆ ಮಾತಾಡುವವರ ಹಾಗೆ. ‘ಪಪ್ಪ ತೀರಿಕೊಂಡಾಗ ಇವನು ಬಹರೈನಿನಲ್ಲಿದ್ದ. ಬರಲಿಕ್ಕೆ ಮೂರು ದಿನ ಆಗುತ್ತಿತ್ತು. ಆಗ ಈ ಪೆಟ್ಟಿಗೆಗಿಟ್ಟಿಗೆ ಎಲ್ಲಿತ್ತು? ಮಣ್ಣು ಮಾಡಿದೆವು. ಸಂಜೆ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದ. ಅಳಲಿಲ್ಲ, ಜಗಳ ಮಾಡಲಿಲ್ಲ. ಪಪ್ಪನಿಗೆ ಯಾವ ಶರ್ಟು ಹಾಕಿದ್ರಿ ಅಕ್ಕ ಅಂತ ಕೇಳಿದ, ಅಷ್ಟೇ. ನನಗೆ ನೆನಪಾಗಲಿಲ್ಲ. ಆ ಗಡಿಬಿಡಿಯಲ್ಲಿ ನಾನು ನೋಡಿರಲಿಲ್ಲ. ಬಿಳಿಯದ್ದು ಅಂತ ಸುಳ್ಳು ಹೇಳಿದೆ.’

ಹದಿನಾಲ್ಕು ವರ್ಷ ನಾನು ನೋಡಿದ ಆ ಕಾಲರುಗಳೆಲ್ಲ ಒಟ್ಟಿಗೆ ನನ್ನ ಕಣ್ಣಮುಂದೆ ನೇರವಾದವು. ಡೆನಿಸ್ ಬಾಬ್ ಅಕ್ಕನನ್ನೇ ನೋಡುತ್ತಿದ್ದರು. ಸುಳ್ಳೆಂದು ಅವರಿಗೆ ತಿಳಿದದ್ದು ಆಗಲೇ ಇರಬೇಕು.

ಸೆಲೀನ್ ಬಾಯ್ ಎದ್ದು ನಾನು ಹಿಂಡಿಟ್ಟ ಹಾಲಿನ ಪಾತ್ರೆಯನ್ನು ಎಳೆದುಕೊಂಡರು. ‘ಜೋಸ್ಲಿನ್, ಆ ಮರದ ಮಣೆಯ ಮೇಲೆ ಕೂತುಕೋ. ಡೆನಿಸ್, ಕೈ ತೊಳಿ. ಮೊದಲ ರೋಸ್ ಅಪ್ಪನದ್ದು ಆಗಬೇಕು ಅಂತ ಶಾಸ್ತ್ರ. ಚಪ್ಪರದಲ್ಲೇ ಆಗಬೇಕು ಅಂತ ಯಾರು ಹೇಳಿದ್ದು?’ ಅದನ್ನು ನಾಲ್ಕು ದಿನದಿಂದ ಹೇಳುತ್ತಿದ್ದವರು ಸ್ವತಃ ಅವರೇ ಎಂದು ನೆನಪಿಸುವ ಧೈರ್ಯ ನನಗಾಗಲಿಲ್ಲ.

ಹೀಗೆ ಮಧ್ಯಾಹ್ನ ಒಂದೂವರೆಗೆ, ಗ್ಯಾಸಿನ ಸಿಲಿಂಡರಿಗೂ ಅಕ್ಕಿಯ ಡಬ್ಬಕ್ಕೂ ನಡುವೆ, ಹೂವಿನ ಚಿತ್ರದ ನೈಟಿಯಲ್ಲಿ ಮದುಮಗಳು ಕುಳಿತಳು. ಹಾಡುವವರು ಬರಲು ಇನ್ನೂ ಐದಾರು ಗಂಟೆಯಿತ್ತು. ಝೀಟಾ ಬಾಗಿಲಲ್ಲಿ ನಿಂತು, ಒಡೆದ ದನಿಯಲ್ಲಿ, ಒಬ್ಬರೇ ಒಂದು ಚರಣ ಹಾಡಿದರು. ಡೆನಿಸ್ ಬಾಬ್ ಮಗಳ ಹಣೆಯಲ್ಲಿ ಎಣ್ಣೆಯಿಂದ ಶಿಲುಬೆ ಬರೆದು, ಬೊಗಸೆಯಲ್ಲಿ ತೆಂಗಿನ ಹಾಲು ತೆಗೆದು ಕೆನ್ನೆಗೆ, ತೋಳಿಗೆ ಹಚ್ಚಿದರು. ಅವಸರವಿತ್ತು, ಆದರೆ ಅವರು ಅವಸರ ಮಾಡಲಿಲ್ಲ. ಕೊನೆಗೆ ಮಗಳ ನೈಟಿಯ ಕಾಲರನ್ನು ಬೆರಳಿನಿಂದ ನೇರ ಮಾಡಿದರು. ಜೋಸ್ಲಿನ್ ಅಳುತ್ತ ನಕ್ಕಳು. ‘ನನಗೆ ಇನ್ನೂ ಪೆಟ್ಟಿಗೆ ಬೇಡ ಡ್ಯಾಡಿ. ಹೋಗಿ ಈಗ.’

ನಾನು ಕಾರಿನ ಕೀ ಹಿಡಿದು ಹೊರಗೆ ಬಂದಾಗ ಮೆಟ್ಟಿಲಲ್ಲಿ ಕಣ್ಣಿಗೆ ಬಿದ್ದುದನ್ನು ಇಲ್ಲಿ ದಾಖಲಿಸಬೇಕು. ಡೆನಿಸ್ ಬಾಬ್‌ರ ಚಪ್ಪಲಿಗಳು ರಸ್ತೆಗೆ ಮುಖ ಮಾಡಿದ್ದವು. ಬೆಳಿಗ್ಗೆ ಅವು ಮನೆಯ ಕಡೆಗೆ ತಿರುಗಿದ್ದುದನ್ನು ನಾನೇ ನೋಡಿದ್ದೆ. ಅವುಗಳ ಪಕ್ಕದಲ್ಲಿ ಝೀಟಾ ನಿಂತಿದ್ದರು, ಒಂದು ಕೈಯಲ್ಲಿ ಗಂಡನ ಫೋನು, ಇನ್ನೊಂದರಲ್ಲಿ ಟೆಸ್ಟರ್. ‘ಏಳು ಗಂಟೆಗೆ ವೋವಿಯೊ ಶುರು’ ಎಂದರು, ಅಷ್ಟೇ.

ಶೇಖರ ಬನ್ನಂಜೆಯಿಂದ ಟೆಂಪೋ ಹೊಡೆದುಕೊಂಡು ಬಂದು ನಮ್ಮನ್ನು ಕಟಪಾಡಿಯಲ್ಲಿ ಹಿಂದೆ ಹಾಕಿದ. ಕಾಪುವಿನಲ್ಲಿ ಸಮುದ್ರದ ಕಡೆಯ ಆ ಸಣ್ಣ ಮನೆಯ ಅಂಗಳದಲ್ಲಿ ಡೆನಿಸ್ ಬಾಬ್‌ರನ್ನು ಕಂಡದ್ದೇ ಸರಸಕ್ಕ ಅಳುವುದನ್ನು ನಿಲ್ಲಿಸಿ ಬೈಯಲು ಆರಂಭಿಸಿದರು.

‘ಎಂತ ಪೊರ್ಬುಗಳೇ, ನಿಮಗೆ ಬುದ್ಧಿ ಉಂಟಾ? ಮಗಳ ಶುಭಕಾರ್ಯ ಬಿಟ್ಟು ಸಾವಿನ ಮನೆಗೆ ಬಂದದ್ದಾ? ಯಾರು ಹೇಳಿದ್ದು ನಿಮಗೆ? ಈ ಬಾಯಮ್ಮನಿಗಾದರೂ ಗೊತ್ತಾಗಬೇಡವಾ?’ ಪೊರ್ಬು, ಬಾಯಮ್ಮ ಎಂದರೆ ತುಳುವರ ಬಾಯಲ್ಲಿ ಕ್ರೈಸ್ತ ಗಂಡಸು, ಹೆಂಗಸು; ಕೊನೆಯ ವಾಕ್ಯ ನನಗೆ.

‘ಜೋಸ್ಲಿನೇ ಕಳಿಸಿದ್ದು’ ಎಂದರು ಡೆನಿಸ್ ಬಾಬ್.

ಸರಸಕ್ಕ ಅಲ್ಲಿಯೇ ಕುಸಿದು ಕುಳಿತರು. ‘ನನ್ನ ಮಗು’ ಎಂದರು. ಅದು ಬರಬೇಕಾದ ಯೋಗೀಶನಿಗೋ, ಕಳಿಸಿದ ಜೋಸ್ಲಿನ್‌ಗೋ, ಹೇಳಲು ಬಾರದು.

ವಯರು ಬಾಗಿತು, ಕಂಪ್ರೆಸರ್ ಎಚ್ಚೆತ್ತಿತು. ವಾಸಣ್ಣನ ಶರ್ಟಿನ ಕಾಲರು ನೇರವಾಯಿತು. ಆ ಬೆರಳುಗಳಲ್ಲಿ ಇನ್ನೂ ತೆಂಗಿನ ಹಾಲಿನ ವಾಸನೆಯಿತ್ತು. ನಾಲ್ಕು ಗಂಟೆಗೆ ಮಸಣಕ್ಕೆ ಹೊರಡಬೇಕಿದ್ದ ವಾಸಣ್ಣ ಹೊರಡಲಿಲ್ಲ. ಆದರೆ ಹಠದ ಪೆಟ್ಟಿಗೆ ಅಂದು ನಡುನಡುವೆ ಎರಡು ಸಲ ನಿದ್ದೆಹೋಗಿ, ಅಂಕೆ ಇಳಿಯುವ ಬದಲು ಏರಿ, ಡೆನಿಸ್ ಬಾಬ್ ಪ್ಲಾಸ್ಟಿಕ್ ಕುರ್ಚಿಯಿಂದ ಏಳುವಂತಿರಲಿಲ್ಲ. ಆರು ಗಂಟೆಯ ಹೊತ್ತಿಗೆ ಅವರು ವಾಚು ನೋಡಿದರು. ಒಂದು ಸಾವಿನ ಮನೆಯಲ್ಲಿ ಅವರು ವಾಚು ನೋಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಸರಸಕ್ಕನೂ ಕಂಡರು.

‘ಎಷ್ಟಕ್ಕೆ ಇಳಿಯಬೇಕು ಹೇಳಿ, ನಾನು ನೋಡಿಕೊಳ್ಳುತ್ತೇನೆ.’

‘ಅದು ಹಾಗೆ ಅಲ್ಲ ಸರಸಕ್ಕ, ವಯರು…’

‘ತೋರಿಸಿ ವಯರು. ನಲವತ್ತು ವರ್ಷ ಮೀನು ಐಸಿನಲ್ಲಿಟ್ಟವಳಿಗೆ ತಂಪಿನ ಪಾಠ ಬೇಡ ಮಾರಾಯರೆ.’ ಅಳುತ್ತಲೇ ಇದನ್ನು ಹೇಳಿದರು. ಯಾರಿಗೂ ಕಲಿಸದ ಆ ಕೋನವನ್ನು ಡೆನಿಸ್ ಬಾಬ್ ಅಂದು ಗಂಡನನ್ನು ಕಳಕೊಂಡ ಹೆಂಗಸಿಗೆ, ಅವಳ ಬೆರಳು ಹಿಡಿದು, ಕಲಿಸಿದರು. ಎರಡನೆಯ ಸಲಕ್ಕೆ ಪೆಟ್ಟಿಗೆ ಅವರ ಮಾತನ್ನೂ ಕೇಳಿತು. ಅಂಕೆ ಇಳಿಯಿತು. ‘ಇನ್ನು ಹೋಗಿ. ಮಗುವಿಗೆ ನನ್ನ ಪಾಲಿನ ಹಾಲು ನೀವೇ ಹಚ್ಚಿ’ ಎಂದು ಸರಸಕ್ಕ ಆ ಕುರ್ಚಿಯಲ್ಲಿ ತಾವು ಕುಳಿತರು.

ನಾವು ಮುಟ್ಟಿದಾಗ ಏಳೂ ಹತ್ತು. ಡೆನಿಸ್ ಬಾಬ್ ನನ್ನ ಬಚ್ಚಲಲ್ಲಿ ನಾಲ್ಕು ಚೆಂಬು ನೀರು ಸುರಿದುಕೊಂಡು, ನನ್ನ ತಮ್ಮನ ಬಿಗಿಯಾದ ಶರ್ಟಿನಲ್ಲಿ ಉಸಿರು ಹಿಡಿದು, ಬೇಲಿ ದಾಟಿ ಓಡಿದರು. ಚಪ್ಪರದಲ್ಲಿ ಮೊದಲ ಚರಣ ಆರಂಭವಾಗಿತ್ತು. ಸೆಲೀನ್ ಬಾಯ್ ಪಾತ್ರೆಯ ಮೇಲೆ ಕೈ ಮುಚ್ಚಿಟ್ಟುಕೊಂಡು, ನೂರು ಜನ ನೆಂಟರನ್ನು ಕಣ್ಣಿನಿಂದಲೇ ತಡೆದು ನಿಲ್ಲಿಸಿದ್ದರು. ಡೆನಿಸ್ ಬಾಬ್ ಮಗಳಿಗೆ ಎರಡು ಸಲ ಹಾಲು ಹಚ್ಚಿದರು. ಎರಡನೆಯದು ಸರಸಕ್ಕನದೆಂದು ಅವಳ ಕಿವಿಯಲ್ಲಿ ಹೇಳಿದರು. ಆ ಸಂಜೆ ಅವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳಲಿಲ್ಲ.

ಮರುದಿನ ಮದುವೆಯ ಊಟದ ಹೊತ್ತಿಗೆ ಫೋನಿಗೆ ಹರ್ಷಿಣಿಯ ಎರಡೇ ಶಬ್ದದ ಮೆಸೇಜು ಬಂತು: ‘ಅಣ್ಣ ಬಂದ.’ ಡೆನಿಸ್ ಬಾಬ್ ಅದನ್ನು ಝೀಟಾರಿಗೆ ತೋರಿಸಿದರು. ಝೀಟಾ ವೇದಿಕೆಗೆ ಹೋಗಿ ಮಗಳಿಗೆ ತೋರಿಸಿದರು. ಬಿಳಿ ಗೌನಿನ ಮದುಮಗಳು ಕಣ್ಣೊರೆಸಿಕೊಂಡಾಗ ಫೋಟೋಗ್ರಾಫರ್ ಅದನ್ನು ತವರಿನ ವಿರಹವೆಂದು ತಿಳಿದು ಹನ್ನೆರಡು ಕೋನದಿಂದ ಸೆರೆಹಿಡಿದ. ವಾರ ಕಳೆದು ‘ಪೋರ್ಚು ಬೋಳು ಬೋಳು ಕಾಣುತ್ತದೆ ರೀನಾ’ ಎಂದು ಶೇಖರನಿಗೆ ಫೋನ್ ಮಾಡಿ ಪೆಟ್ಟಿಗೆಯನ್ನು ತರಿಸಿಕೊಂಡವರು ಝೀಟಾ.

ಊರಿಗಾಗಿ ಬದುಕುವವರನ್ನು ಹೊಗಳುವಾಗ ನಾವು, ಅವರು ಮನೆಯನ್ನು ಮರೆತವರೆಂದು ಬರೆದುಬಿಡುತ್ತೇವೆ. ಸನ್ಮಾನಪತ್ರಗಳಲ್ಲಿ ಅದು ಚೆನ್ನಾಗಿ ಕೇಳಿಸುತ್ತದೆ. ನಾನು ಕಂಡಂತೆ ಅವರಲ್ಲಿ ಹೆಚ್ಚಿನವರು ಮನೆಯನ್ನು ಮರೆಯಲಾರದೆ ಊರಿಗೆ ಇಳಿದವರು. ತಮ್ಮ ಮನೆಯ ಒಂದು ಮುಖವನ್ನು ನೋಡಲಾಗದೆ ಹೋದವರು ಊರಿನ ಎಲ್ಲ ಮುಖಗಳನ್ನೂ ಇನ್ನೊಂದು ದಿನದ ಮಟ್ಟಿಗೆ ಉಳಿಸಿಕೊಡಲು ಹೊರಡುತ್ತಾರೆ. ಊರಿಗೆ ಪೆಟ್ಟಿಗೆಯನ್ನು ಎರವಲು ಕೊಡುತ್ತಿದ್ದವರು ಡೆನಿಸ್ ಬಾಬ್. ಡೆನಿಸ್ ಬಾಬ್‌ರನ್ನೇ ಎರವಲು ಕೊಡುತ್ತಿದ್ದ ಮನೆಯೊಂದು ಅವರ ಹಿಂದಿತ್ತು. ಇಂಥವರು ಎಷ್ಟು ದೂರ ನಡೆದರೆಂದು ಊರು ಲೆಕ್ಕವಿಡುತ್ತದೆ. ಅವರ ಚಪ್ಪಲಿಗಳನ್ನು ದಿನವೂ ಒಳಕ್ಕೆ ತಿರುಗಿಸುವ, ಹೋಗಲೇಬೇಕಾದ ದಿನ ತಾನಾಗಿ ಹೊರಕ್ಕೆ ತಿರುಗಿಸಿ ಇಡುವ ಕಾಲಿನ ಹೆಬ್ಬೆರಳನ್ನು ಯಾರೂ ನೋಡುವುದಿಲ್ಲ. ನಿನ್ನೆ ಸಂಜೆಯೂ ನಾನು ನೋಡಿದೆ. ಡೆನಿಸ್ ಬಾಬ್ ರಿವರ್ಸ್ ತೆಗೆದು ಚಪ್ಪಲಿ ಬಿಟ್ಟು ಒಳಗೆ ಹೋದರು. ಐದು ನಿಮಿಷ ಬಿಟ್ಟು ಝೀಟಾ ಬಂದರು, ಆಚೀಚೆ ನೋಡಿದರು. ಒಂದನ್ನು ಮಾತ್ರ ಮನೆಯ ಕಡೆಗೆ ತಿರುಗಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ದೀಪ ಹಾಕಲು ಒಳಗೆ ಹೋದರು.